ದಿಗ್ಲಿಪುರದ ಮಿಂಜ್‌ಗೆ, ಪದವಿನಿಂದ

ನಿನಗೆ ಬೆಳಗಾಗಿ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ
ನಮಗೆ ಬೆಳಗು.
ಗಡಿಯಾರ ಮಾತ್ರ ಇಬ್ಬರಿಗೂ ಒಂದೇ.

ಬೊಂದೇಲಿನಾಚೆ ಈ ಬೋಳು ಪದವಿನ ಮೇಲೆ
ಎದೆಮಟ್ಟದ ಒಂದು ಕಾಂಕ್ರೀಟು ಕಂಬ,
ಅದರ ನೆತ್ತಿಗೆ ಕವುಚಿದ ಬೋಗುಣಿಯಂಥ ಆಂಟೆನಾ.
ಹುಲ್ಲು ಕೊಯ್ಯುವ ಹೆಂಗಸರು ಮೊದಮೊದಲು
ಚಪ್ಪಲಿ ಕಳಚಿ ಕೈಮುಗಿದು ಹೋಗುತ್ತಿದ್ದರು.
ಈಗ ಬೇಲಿಗೆ ಸೀರೆ ಒಣಹಾಕುತ್ತಾರೆ.

ಅಡಿಪಾಯ ತೋಡಿದವರು ದೂಮಪ್ಪ ಮೂಲ್ಯರು.
ಬಾವಿ ತೋಡಿ ಪಳಗಿದ ಕೈ.
ಮುರಕಲ್ಲು ಮುಗಿದು, ಜೇಡಿ ಮುಗಿದು,
ಹದಿನಾಲ್ಕನೇ ಅಡಿಗೆ ಹಾರೆ ಠಣ್ ಎಂದಾಗ
ಹೊಂಡದೊಳಗಿಂದ ತಲೆಯೆತ್ತಿ ಅಂದರು:
"ನೀರಿಲ್ಲ ಸೆವ್ರಿನ್ ಬಾಯಿ. ಬರೀ ಬಂಡೆ."
ಬಂಡೆಯೇ ಬೇಕಾದ್ದು, ಅಂದೆ.
ಅರುವತ್ತು ಬಾವಿ ತೋಡಿದ ಮನುಷ್ಯನಿಗೆ
ಯಾರೂ ಹಾಗೆ ಅಂದದ್ದಿಲ್ಲವಂತೆ.

"ಕಲ್ಲು ನಡೀತದಾ?"
ನಡೀತದೆ. ವರ್ಷಕ್ಕೆ ಮೂರು ಬೆರಳು, ಈಶಾನ್ಯಕ್ಕೆ.
"ಈಶಾನ್ಯವಾ! ಬಾವಿಗೆ ಒಳ್ಳೆ ದಿಕ್ಕು.
ಮನೆಯೂ ನಡೀತದಾ?"
ಮನೆಯೂ.
"ನಾನು ತೋಡಿದ ಬಾವಿ?"
ಅದೂ ಬರ್ತದೆ.
"ಒಳಗಿನ ನೀರು?"
ತುಳುಕದೆ.
ಎಲೆಗೆ ಸುಣ್ಣ ಸವರುತ್ತ ತುಂಬ ಹೊತ್ತು ಯೋಚಿಸಿದರು.
"ಹಾಗಾದರೆ ನನಗೂ ದಾಯಾದಿಗೂ ಗಡಿಕಲ್ಲಿನ ಕೇಸು ಉಂಟಲ್ಲ,
ಇಪ್ಪತ್ತೆರಡು ವರ್ಷದಿಂದ, ಅದು ಯಾವ ಜಾಗದ್ದು?"

ಮೊಬೈಲಿನ ನೀಲಿ ಚುಕ್ಕೆ ನನ್ನನ್ನು ದಿನಾ
ಮನೆ ಬಿಟ್ಟು ಪಕ್ಕದ ಚರಂಡಿಯಲ್ಲಿ ನಿಲ್ಲಿಸುತ್ತದೆ.
ಈ ಕಂಬ ಹಾಗಲ್ಲ. ಮೂವತ್ತು ಸೆಕೆಂಡಿಗೊಮ್ಮೆ
ಮೇಲೆ ಹಾಯುವ ಉಪಗ್ರಹಗಳನ್ನೆಲ್ಲ ಕೇಳುತ್ತದೆ,
ನಾನೆಲ್ಲಿ, ಈಗ ನಾನೆಲ್ಲಿ.
ಇಡೀ ದಿನದ ಉತ್ತರ ಸೋಸಿದರೆ ಒಂದು ಚುಕ್ಕೆ.
ಸಾವಿರ ಚುಕ್ಕೆಗೆ ಒಂದು ಗೆರೆ.
ಆಟಿ ತಿಂಗಳ ನೀರು ಹೊತ್ತು
ಊರಿಗೆ ಊರೇ ಅಕ್ಕಿಕಾಳಿನಷ್ಟು ತಗ್ಗುತ್ತದೆ;
ದೀಪಾವಳಿ ಕಳೆದ ಮೇಲೆ ಮೆಲ್ಲ ಬೆನ್ನು ನೆಟ್ಟಗೆ ಮಾಡುತ್ತದೆ.
ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ನಿಂತು ಬರುವಾಗ
ಇದನ್ನು ಯಾರಿಗೆ ಹೇಳಲಿ.

ಮಿಂಜ್, ಇಲ್ಲಿಂದ ನೇರ ಮೂಡಣಕ್ಕೆ ನೂಲು ಹಿಡಿದರೆ
ಎರಡು ಸಾವಿರಕ್ಕೆ ಚೂರು ಕಡಿಮೆ ಕಿಲೋಮೀಟರು, ನಿನ್ನ ಅಂಗಳ.
ನಾನು ನಿಂತ ಇದೇ ಹಾಸು ಕಡಲಡಿಗೆ ಸಾಗಿ
ನಿನ್ನ ದ್ವೀಪದ ಕೆಳಗೆ ಬಾಗಿ ಇಳಿಯುತ್ತದೆ.
ಸುಮ್ಮನೆ ಇಳಿಯುವುದಿಲ್ಲ, ಕಚ್ಚಿಕೊಳ್ಳುತ್ತದೆ;
ಮಲಗಿದವನ ಚಾಪೆ ಎಳೆದಂತೆ ನಿನ್ನ ನೆಲವನ್ನೂ ಎಳೆಯುತ್ತದೆ.
ಹನ್ನೊಂದು ವರ್ಷ ನಿನ್ನ ಚುಕ್ಕೆಗಳು
ನಮ್ಮ ದಿಕ್ಕಿಗೇ ಸರಿದವು.
ಜೊತೆಗೆ ಬರುತ್ತಿದ್ದೀಯ ಅಂದುಕೊಂಡಿದ್ದೆ.
ನೀನು ತಡೆದುಕೊಂಡಿದ್ದೆ.

ಆ ಮಂಗಳವಾರ ನಸುಕಿಗೆ
ನಿನ್ನ ಕಂಬ ಒಂದೂವರೆ ನಿಮಿಷದಲ್ಲಿ
ಎರಡು ಮೊಳ ಪಡುವಣಕ್ಕೆ,
ನನ್ನ ಕಡೆಗೆ, ಚಿಮ್ಮಿತು;
ಒಂದು ಗೇಣು ತಗ್ಗಿತು.
ನನ್ನದು ಕದಲಲಿಲ್ಲ.
ಇಲ್ಲಿ ಲೋಟದ ಚಹಾ ಕೂಡ.

ಒಂಬತ್ತು ದಿನದ ಮೇಲೆ ನಿನ್ನ ಉತ್ತರ:
"ಆಂಟೆನಾ ಸರಿಯಿದೆ. ಡೇಟಾ ಕಳಿಸುತ್ತಿದ್ದೇನೆ.
ಜೆಟ್ಟಿ ಈಗ ಭರತಕ್ಕೆ ಮುಳುಗುತ್ತದೆ.
ಅಮ್ಮನ ಬಾವಿ ಉಪ್ಪಾಗಿದೆ."

ದೂಮಪ್ಪನವರಿಗೆ ನಾನು ಬಾವಿಯದಷ್ಟೇ ಹೇಳಿದೆ.
ತಾಂಬೂಲ ಉಗಿದು ಬಂದು ಕಂಬಕ್ಕೆ ಅಂಗೈ ಇಟ್ಟರು,
ಕಾಯಿಲೆಯ ದನದ ಬೆನ್ನಿಗಿಡುವ ಹಾಗೆ.
"ತಳ್ಳಿದ್ದು ನಾವಾ?"
ನಾವಲ್ಲ, ನಮ್ಮಡಿಯದ್ದು, ಎನ್ನಬಹುದಿತ್ತು.
ಎನ್ನಲಿಲ್ಲ.
ಅವರೇ ಅಂದರು, ನನ್ನ ಕಡೆ ನೋಡದೆ:
"ಸಿಹಿ ಮೇಲೆ ನಿಲ್ತದೆ, ಉಪ್ಪು ಅಡಿಯಲ್ಲಿ.
ಅವರಿಗೆ ಬರೀರಿ. ಇನ್ನು ಆಳ ತೋಡುವುದು ಬೇಡ.
ಬೇರೆ ಕಡೆ, ಎತ್ತರದಲ್ಲಿ, ಅಗಲಕ್ಕೆ ತೋಡಲಿ.
ಎರಡು ಮಳೆ ಕಾಯಬೇಕು."

ಬರೆದಿದ್ದೇನೆ.
ಇವತ್ತಿನ ಫೈಲು ಇದರ ಜೊತೆಗುಂಟು.
ನಮ್ಮಲ್ಲಿ ನಿನ್ನೆಯಿಂದ ಮಳೆ,
ಗೆರೆ ಇಳಿಯತೊಡಗಿದೆ.