ಇದ್ದೀತು

ಡಂಡೀ ಊರಿನಲ್ಲಿ, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ,
ಬೆಳಕಿನ ಕಣಗಳನ್ನು ಒಂದೊಂದಾಗಿ ಕಳಿಸುವುದು ನನ್ನ ಕೆಲಸ.
ಕಳಿಸುವುದು ಅಂದರೆ ಗುಂಡಿ ಒತ್ತುವುದು,
ದ್ರವ ಸಾರಜನಕ ತುಂಬುವುದು, ಕೇಬಲ್ಲಿಗೆ ಟೇಪು ಸುತ್ತುವುದು.
ಗಣಿತವೆಲ್ಲ ಮೇಲಿನ ಮಹಡಿಯವರದು.

ನಿನ್ನೆ ರಾತ್ರಿ ಎರಡು ಹದಿನಾಲ್ಕಕ್ಕೆ
ಎಡಗಡೆಯ ಎಣಿಕೆಯಂತ್ರ ಟಕ್ ಅಂದಿದೆ.
ಕಂಪ್ಯೂಟರು ಬರೆದಿಟ್ಟುಕೊಂಡಿದೆ. ಯಾರೂ ಇರಲಿಲ್ಲ.
ನಾನು ಬಂದದ್ದು ಏಳಕ್ಕೆ, ಒದ್ದೆ ಕೋಟಿನಲ್ಲಿ.
ಹಾಗಾದರೆ ಅದು ಎಡಕ್ಕೆ ಹೋದದ್ದು ಯಾವಾಗ?
ಎರಡು ಹದಿನಾಲ್ಕಕ್ಕೋ,
ನಾನು ಕನ್ನಡಕ ಒರೆಸಿ ಪರದೆಗೆ ಬಗ್ಗಿದಾಗಲೋ?

ಕ್ಯಾಲಮ್ ಹೇಳುತ್ತಾನೆ: ಅಲೆ ಕುಸಿಯಿತು, ಅಷ್ಟೇ.
ಕುಸಿತ ನನಗೆ ಗೊತ್ತು. ಬಾವಿಯ ಗೋಡೆ ಕುಸಿದರೆ
ಧೂಳೇಳುತ್ತದೆ, ಕಲ್ಲು ಉಳಿಯುತ್ತದೆ, ಜನ ಓಡಿ ಬರುತ್ತಾರೆ.
ಇಲ್ಲಿ ಬಿದ್ದದ್ದೇನು? ಎಲ್ಲಿ ಬಲಗಡೆಯ ಮಣ್ಣು?
‘ಲೆಕ್ಕ ತಾಳೆಯಾಗುತ್ತಲ್ಲ’ ಎಂದು ಬಿಸ್ಕತ್ತು ಮುರಿದ.
ಎರಡು ತುಂಡು. ಎರಡೂ ಕೈಯಲ್ಲೇ ಇದ್ದವು.

ನನ್ನ ಭಾಷೆಯಲ್ಲಿ ಇದಕ್ಕೊಂದು ಕ್ರಿಯಾಪದವಿದೆ, ಎಂದೆ.
ಇದೆ ಅಲ್ಲ, ಇಲ್ಲ ಅಲ್ಲ: ಇದ್ದೀತು.
ಎಡಕ್ಕೆ ಹೋದೀತು, ಬಲಕ್ಕೂ ಹೋದೀತು.
ಏಳನೇ ಕ್ಲಾಸಿನಲ್ಲಿ ಸಂಭಾವನಾರ್ಥ ಎಂದು ಉರು ಹೊಡೆಸಿದ್ದರು;
ಪುರೋಹಿತರ ದಕ್ಷಿಣೆಯ ಮಾತೆಂದೇ ನಾನು ತಿಳಿದಿದ್ದೆ.

‘ನಮ್ಮಲ್ಲೂ ಮೇ ಬಿ ಇದೆಯಲ್ಲ?’
ಇದೆ. ಅದು ಮಾತಿನ ಪಕ್ಕ ಕೊಡೆ ಹಿಡಿದು ನಿಲ್ಲುತ್ತದೆ.
ನಮ್ಮದು ಒಳಗೇ ನೆನೆದಿರುತ್ತದೆ.

ಇನ್ನೊಂದು: ನಾನು ನೋಡಿದೆ ಅನ್ನುವುದು ಕಡಿಮೆ,
ನನಗೆ ಕಂಡಿತು ಅನ್ನುವುದೇ ಹೆಚ್ಚು.
ಆಗ ಕೆಲಸ ಮಾಡಿದ್ದು ಯಾರು, ಕಣ್ಣೋ ಕಣವೋ?
ವ್ಯಾಕರಣ ಕೈ ತೊಳೆದುಕೊಂಡಿದೆ.

ಮಧ್ಯಾಹ್ನ ಗೊತ್ತಾಯಿತು: ಐದಕ್ಕೇ ಎಲ್ಸ್‌ಪೆತ್ ಬಂದಿದ್ದರಂತೆ
ನೆಲ ಒರೆಸಲಿಕ್ಕೆ. ಓಡಿಹೋಗಿ ಕೇಳಿದೆ,
ಪರದೆ ನೋಡಿದಿರಾ?
‘ಉರೀತಿತ್ತು. ಧೂಳಿತ್ತು. ಒರೆಸಿದೆ.’
ಅದರ ಮೇಲೆ ಒಂದು ಅಂಕಿ?
‘ಅಂಕಿ ನನ್ನ ಕೆಲಸ ಅಲ್ಲಮ್ಮ.’
ಬಕೆಟ್ಟು ಎತ್ತಿಕೊಂಡು ಲಿಫ್ಟಿಗೆ ಹೋದರು.
ಅವರು ಒರೆಸಿದ ಗಾಜಿನಲ್ಲಿ ಆ ಒಂದು
ಆಗಲೇ ಒಂದಾಗಿತ್ತೋ, ಏನೋ.

ಸಂಜೆ ಟೇ ನದಿಯಿಂದ ಮಂಜು ಎದ್ದು
ಸೇತುವೆಯನ್ನು ಅರ್ಧಕ್ಕೇ ಬಿಟ್ಟಿತ್ತು.
ಬಸ್ ಸ್ಟಾಪಿಗೆ ಏದುತ್ತ ಬಂದ ಮುದುಕನೊಬ್ಬ ಕೇಳಿದ,
ಆರೂ ಹತ್ತರದು ಹೋಯಿತಾ?
ದಿನವಿಡೀ ಬಾಯಲ್ಲಿದ್ದದ್ದೇ ಹೊರಬಿತ್ತು:
ಹೋಗಿದ್ದೀತು.
ಅವನು ತಲೆಯಾಡಿಸಿ,
ನನ್ನ ಪಕ್ಕ ಕೂತು, ರಸ್ತೆಯತ್ತ ನೋಡತೊಡಗಿದ.