ನಾನೂರ ಹದಿನೇಳನೆಯ ಸಾಲು

ನಿಹಾಲ್, ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಈ ಕೋಣೆಯಲ್ಲಿ
ನೆಲ ಯಾವಾಗಲೂ ಸ್ವಲ್ಪ ನಡುಗ್ತದೆ. ಅದಕ್ಕೆ ಹೆದರಬೇಡ.
ಹೆದರಬೇಕಾದ್ದು ಬೇರೆ ಉಂಟು:
ಟೆಂಪ್, ಟೆಂಪ್ ಎರಡು, ಹೊಸ ಟೆಂಪ್,
ಹೆಸರಿಡಲು ಸೋಮಾರಿಯಾದವ
ಬಿಟ್ಟು ಹೋದ ಮಕ್ಕಳು.
ಕೆಳಗೆ ಮಲ್ಪೆಯ ಧಕ್ಕೆಯಲ್ಲಿ
ಬಂಗುಡೆಗೆ ಬಂಗುಡೆ ಅನ್ನುತ್ತಾರೆ, ಬೂತಾಯಿಗೆ ಬೂತಾಯಿ.
ಎರಡನ್ನೂ ಐಟಂ ಎಂದು ಕೂಗಿದರೆ
ಹರಾಜಿನಲ್ಲಿ ಯಾರು ಕೈ ಎತ್ತುತ್ತಾರೆ ಮಾರಾಯ?

ನಮ್ಮ ಬೆಳಗಿನ ಸಭೆಯ ಮೇಲೂ ನನ್ನದೊಂದು ತಕರಾರು.
ನಿಂತೇ ಮುಗಿಸಬೇಕಾದ್ದು ನಲವತ್ತು ನಿಮಿಷ ನಡೀತದೆ,
ಅರ್ಧದಲ್ಲಿ ಎಲ್ಲರೂ ಕೂತಿರ್ತಾರೆ.
ಐದು ಗಂಟೆಗೆ ಧಕ್ಕೆಗೆ ಹೋಗಿ ನೋಡು:
ಎಷ್ಟು ಬಂತು, ಯಾರಿಗೆ ಬೇಕು, ಎಂತ ತೊಂದರೆ,
ಮೂರೇ ಮಾತು. ಮಂಜು ಕರಗ್ತಾ ಇರ್ತದೆ,
ಸ್ಲೈಡು ತೋರಿಸುವ ಪುರುಸೊತ್ತು ಯಾರಿಗೂ ಇಲ್ಲ.

ತಪ್ಪು ಕಂಡರೂ ಸದ್ದಿಲ್ಲದೆ ನುಂಗಿ ಮುಂದೆ ಹೋಗುವ ಕೋಡು
ಕೆಟ್ಟ ಮೀನನ್ನು ಮಂಜಿನಡಿ ಹುಗಿದ ಹಾಗೆ.
ಹುಗಿದವನಿಗಲ್ಲ, ಆಮೇಲೆ ಬಂದವಳಿಗೆ ವಾಸನೆ.
ಆಮೇಲೆ ಬಂದವಳು ನಾನು.

ಜೂನ್, ಜುಲೈ ಕಡಲು ಬಂದ್.
ಬಲೆ ಹರಡಿ ಹರಿದದ್ದನ್ನು ಹುಡುಕುತ್ತಾರೆ,
ದೋಣಿಯ ತಳಕ್ಕಂಟಿದ ಚಿಪ್ಪು ಕೆರೆದು ಬಣ್ಣ ಬಳಿಯುತ್ತಾರೆ.
ಅದನ್ನು ಯಾರೂ ಕೆಲಸಗಳ್ಳತನ ಅನ್ನುವುದಿಲ್ಲ.
ನಮಗೂ ಎರಡು ತಿಂಗಳು ಹೊಸತೇನೂ ಬೇಡ,
ಇದ್ದದ್ದನ್ನು ಕೆರೆಯುತ್ತೇವೆ ಎಂದು ಸದಾಶಿವ ಕುಂದರರ ಹತ್ತಿರ ಬೇಡಿದೆ.
ಸಿಕ್ಕಿದ್ದು ಹದಿನೇಳು ದಿನ.

ಆ ಹದಿನೇಳು ದಿನದಲ್ಲಿ ನೀನು ಎಷ್ಟು ಕೆರೆದೆ!
ಒಂಬೈನೂರು ಸಾಲಿನ ಒಂದೇ ಫಂಕ್ಷನ್ನನ್ನು ಮುರಿದು
ಅಂಗೈಯಗಲದ ಮೂವತ್ತು ಮಾಡಿದೆ.
ರಮ್ಲತ್ ಬರೆದ ಪರೀಕ್ಷೆಗಳೆಲ್ಲ ಹಸಿರು.
ನಾನು ಓದಿದೆ, ಮೆಚ್ಚಿದೆ, ಒಪ್ಪಿಗೆ ಒತ್ತಿದೆ.

ಅದರಲ್ಲಿ ಐವನ್ ಮಿನೇಜಸ್ ಬರೆದ ಒಂದು ಸಾಲು ಇತ್ತು:
ದೋಣಿ ಮೂವತ್ತೆಂಟು ಆದರೆ, ಪಾಲುಗಳಿಗೆ ಒಂದು ಸೇರಿಸು.
ಪಕ್ಕದಲ್ಲಿ ಅವನದೇ ಟಿಪ್ಪಣಿ, 'ಮುಟ್ಟಬೇಡಿ.'
ಯಾಕೆ ಅಂತ ಇಲ್ಲ.
ಐವನ್ ಈಗ ಶಂಕರಪುರದಲ್ಲಿ ಮಲ್ಲಿಗೆ ಬೆಳೆಸುತ್ತಾನೆ,
ಮೊಗ್ಗು ಕೊಯ್ದು ಮುಗಿಯದೆ ಫೋನು ಎತ್ತುವುದಿಲ್ಲ.
ನೀನು ಅಳಿಸಿದೆ. ನಿನ್ನ ಜಾಗದಲ್ಲಿ ನಾನೂ
ಅಳಿಸುತ್ತಿದ್ದೆ, ಸ್ವಲ್ಪ ಜಂಬದಿಂದಲೇ.

ಆಗಸ್ಟಿನ ಎರಡನೇ ವಾರ ಜಲಜಕ್ಕ ಮೆಟ್ಟಿಲು ಹತ್ತಿ ಬಂದಳು.
ಜಗಳಕ್ಕೆ ಅಲ್ಲ. ಒದ್ದೆ ಕೈ ಸೀರೆಗೆ ಒರೆಸಿ
ಚೀಟಿ ಮೇಜಿನ ಮೇಲಿಟ್ಟು ಕೇಳಿದಳು:
'ಈ ಸಲ ನನ್ನ ಗಂಡ ಲೆಕ್ಕದಲ್ಲಿ ಇಲ್ಲವಾ?'

ಹನ್ನೊಂದು ವರ್ಷದ ಹಿಂದೆ
ಮೂವತ್ತೆಂಟರಿಂದ ನೀರಿಗೆ ಬಿದ್ದವ, ಸಿಗಲೇ ಇಲ್ಲ.
ಸಿಗುವ ತನಕ ಅವನ ಪಾಲು ನಿಲ್ಲಬಾರದು ಅಂತ
ದೋಣಿಯವರು ಬಾಯಿಮಾತಲ್ಲೇ ಮಾಡಿಕೊಂಡ ಕಟ್ಟಳೆ.
ಕರಾರಿನಲ್ಲಿ ಇಲ್ಲ, ನಮ್ಮ ದಪ್ಪ ಕಡತದಲ್ಲಿ ಇಲ್ಲ,
ರಮ್ಲತ್‌ಗೆ ಯಾರೂ ಹೇಳಿಯೇ ಇರಲಿಲ್ಲ.
ಬರವಣಿಗೆಯಲ್ಲಿ ಇದ್ದದ್ದು ಲೋಕದಲ್ಲಿ ಒಂದೇ ಕಡೆ,
ನಾನೂರ ಹದಿನೇಳನೆಯ ಸಾಲಿನಲ್ಲಿ.

ಹಳೆಯದನ್ನು ಮುಟ್ಟಲೇಬಾರದು ಅಂತ ನಾನು ಹೇಳ್ತಾ ಇಲ್ಲ.
ಐವನನ ಮೇಲೆ ನನಗೆ ಈಗಲೂ ಸಿಟ್ಟುಂಟು:
'ಮುಟ್ಟಬೇಡಿ' ಬರೆಯಲು ಆದವನಿಗೆ
ಇನ್ನು ನಾಲ್ಕು ಶಬ್ದ ಭಾರವಾಯಿತಾ?
ಅಥವಾ ಬರೆದರೆ, ಸಿಗುವುದಿಲ್ಲ ಎಂದೇ ಬರೆದ ಹಾಗೆ ಆದೀತು
ಎಂದು ಬೆರಳು ನಿಲ್ಲಿಸಿದನೋ.
ಕೇಳಬೇಕು, ಮೊಗ್ಗು ಕೊಯ್ದಾದ ಮೇಲೆ.

ಆ ಮಧ್ಯಾಹ್ನ ಹೆಸರಿಗಾಗಿ ನಾವು ಕಿತ್ತಾಡಿದ್ದು ನೆನಪುಂಟಲ್ಲ?
ನೀನು 'ವಿಶೇಷ ಪಾಲು' ಅಂದೆ. ನಾನು 'ಹೆಚ್ಚುವರಿ' ಅಂದೆ.
ಚಹಾ ಆರಿಸುತ್ತಾ ಕೂತಿದ್ದ ಜಲಜಕ್ಕ
'ಹೆಚ್ಚುವರಿ ಎಂತಕ್ಕೆ? ಅದು ವಾಸುವಿನ ಪಾಲು' ಅಂದಳು.
ಅದೇ ಹೆಸರು ಇಟ್ಟೆವು.
ರಮ್ಲತ್ ಆವತ್ತೇ ಒಂದು ಪರೀಕ್ಷೆ ಸೇರಿಸಿದಳು.
ದಿನಾ ರಾತ್ರಿ ಎರಡಕ್ಕೆ, ಹೊಳೆಬಾಯಿಯಲ್ಲಿ ದೋಣಿಗಳು ಹೊರಡುವಾಗ,
ಯಂತ್ರ ಒಮ್ಮೆ ಕೇಳಿಕೊಳ್ಳುತ್ತದೆ:
ಮೂವತ್ತೆಂಟರ ಲೆಕ್ಕದಲ್ಲಿ ವಾಸು ಇದ್ದಾನಾ?

ಇದ್ದಾನೆ.

ಇನ್ನು ನಿನ್ನೆ, ಶುಕ್ರವಾರ ಸಂಜೆ ಆರೂವರೆಗೆ
ಯಾರಿಗೂ ಹೇಳದೆ ಹೊಸ ಆವೃತ್ತಿ ಬಿಡಲು ಹೊರಟಿದ್ದೆಯಲ್ಲ,
ಅದರ ಬಗ್ಗೆ ಸೋಮವಾರ ಮಾತಾಡುವ.