‘ಎಷ್ಟು’ ಎಂಬ ಖಾನೆ

ಚಾಡ್ರನ್ ದಾಟಿ ಒಂಬತ್ತು ಮೈಲಿ. ಜಲ್ಲಿ ರಸ್ತೆ ಮುಗಿದಲ್ಲಿ
ಲ್ಯಾಡಿ ವೊಂಡ್ರಾನ ಬೇಲಿ.
ನನ್ನ ಕೈಯಲ್ಲಿ ಕೌಂಟಿಯ ನೋಟೀಸು:
ನಂಬರ್ ಪ್ಲೇಟಿಲ್ಲದ, ಓಡದ ವಾಹನಗಳು ಎಷ್ಟು?
ಎಣಿಸು, ಬರೆ, ಸಹಿ ಹಾಕಿಸು.
ಅರ್ಧ ಗಂಟೆಯ ಕೆಲಸ ಅಂದುಕೊಂಡೇ ಬಂದಿದ್ದೆ
ಕೌಂಟಿಯವರೇ ಕೊಟ್ಟ ಮುದಿ ಪಿಕಪ್ಪಿನಲ್ಲಿ.

ಎಂಬತ್ತೊಂದರ ಮುದುಕ. ಅಂಗೈ ಗೆರೆಗಳಲ್ಲಿ
ತೊಳೆದರೂ ಹೋಗದ ಗ್ರೀಸು,
ಕೈ ನೋಡಿ ಭವಿಷ್ಯ ಹೇಳುವವರಿಗೆ ಕನ್ನಡಕವೇ ಬೇಡ.
ನೋಟೀಸು ಓದಲಿಲ್ಲ. ಮಡಿಸಿ ಜೇಬಿಗಿಟ್ಟು
“ಎಣಿಸು, ಯಾರು ಬೇಡ ಅಂದ್ರು?” ಅಂದ.

ಬೇಲಿ ಪಕ್ಕದ ಹಸಿರಿನಿಂದ ಶುರು ಮಾಡಿದೆ.
ಒಂದು.
“ಅದರ ಬಾನೆಟ್ಟು ಅದರದಲ್ಲ.
ಆಲಿಕಲ್ಲು ಚಚ್ಚಿಹಾಕಿತ್ತು, ಆ ನೀಲಿಯದನ್ನ ಹಾಕಿದೆ.
ನೀಲಿಯ ಗೇರ್‌ಬಾಕ್ಸು ಹುಲ್ಲೊಳಗೆ ಕೂತ ಡಾಜಿಗೆ ಹೋಯ್ತು,
ಡಾಜಿನ ಬಾಗಿಲು ತಮ್ಮನ ಕೋಳಿಗೂಡಿಗೆ.”
ಒಂದು ಅಂತ ಬರೆದದ್ದನ್ನು ಅಳಿಸಿದೆ.

ನಮ್ಮೂರಲ್ಲಿ ಕೌದಿ ಹೊಲಿಯುತ್ತಿದ್ದ ಶಿವಗಂಗವ್ವನಿಗೆ
ಇದರಲ್ಲಿ ಸೀರೆ ಎಷ್ಟು ಅಂತ
ಯಾವ ಸರಕಾರವೂ ಕೇಳಿದ್ದಿಲ್ಲ.

ಮುಂದಿನದರಲ್ಲಿ ಎಂಜಿನ್ನಿನ ಜಾಗಕ್ಕೆ ಎಲ್ಮ್ ಮರ.
ತೊಡೆಗಾತ್ರ. ಬಂಪರನ್ನು ನುಂಗುತ್ತಿದೆ,
ಅವಸರವಿಲ್ಲ, ವರ್ಷಕ್ಕೊಂದು ಬೆರಳು.
ಮರಕ್ಕೆ ನಮ್ಮಲ್ಲಿ ಬೇರೆ ಫಾರಂ, ಬೇರೆ ಇಲಾಖೆ.

“ಓಡೋದು ಯಾವುದು?”
“ಇವತ್ತಾ?” ಅಂದ,
ಉತ್ತರ ಹವಾಮಾನದಲ್ಲಿದೆ ಎನ್ನುವಂತೆ ಮೇಲೆ ನೋಡಿ.

ಷೆಡ್ಡಿನೊಳಗೆ ಕಾಫಿ ಡಬ್ಬಿಗಳು, ನೆಲದಿಂದ ತೊಲೆಯವರೆಗೆ.
ಪ್ರತಿಯೊಂದಕ್ಕೂ ಚೀಟಿ. ಹೆಂಡತಿ ಲಿಬ್ಬಿಯ ಅಕ್ಷರ:
‘ಕಿಟಕಿ ಹಿಡಿ, ಎಡ.’
‘ಕಿಟಕಿ ಹಿಡಿ, ಬಲ.’
‘ಯಾವುದರದೋ ಗೊತ್ತಿಲ್ಲ.’
‘ಯಾವುದರದೋ ಗೊತ್ತಿಲ್ಲ, ಆದರೆ ಒಳ್ಳೇದು.’
ಒಂದರ ಮೇಲೆ ಬರೀ ‘ಲ್ಯಾಡಿಯನ್ನು ಕೇಳಬೇಕು.’
ಕೇಳಿದರಾ, ಅಂದೆ.
“ಕೇಳಿದ್ದಳು. ನನಗೂ ಗೊತ್ತಿರಲಿಲ್ಲ.”
ಡಬ್ಬಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ,
ದೂಳಿನ ಅದೇ ಉಂಗುರದ ಮೇಲೆ ಇಟ್ಟ.

ಹೋದ ವರ್ಷ ರ‍್ಯಾಪಿಡ್ ಸಿಟಿಯಲ್ಲಿ ಸೊಂಟದ ಕೀಲು ಬದಲಿಸಿದರಂತೆ.
ಹಳೇದು ಕೊಡಿ ಅಂದನಂತೆ. ಕೊಡಲಿಲ್ಲ.
“ಪಾರ್ಟ್ಸ್ ಅಂಗಡೀಲಿ ಹಳೇದು ತಂದ್ಕೊಟ್ರೆ
ಹನ್ನೆರಡು ಡಾಲರ್ ವಾಪಸ್ ಕೊಡ್ತಾರೆ.
ಇವರು ಹಳೇದನ್ನೂ ಇಟ್ಕೊಂಡ್ರು, ದುಡ್ಡನ್ನೂ.”
ಸೊಂಟದ ನೋವು ಹೋಗಿದೆ. ಆ ಸಿಟ್ಟು ಹೋಗಿಲ್ಲ.

ಖಾನೆ ಖಾಲಿ ಇಟ್ಟುಕೊಂಡೇ ಹೊರಟೆ.
ಹತ್ತು ಮಾರು ಹೋಗಿರಲಿಲ್ಲ, ಅಡ್ಡ ನಿಂತ.
“ಬಲಗಡೆ ಮುಂದಿನ ಬೇರಿಂಗು. ಕೇಳಿಸಲ್ವಾ?”
ಎರಡು ತಿಂಗಳಿಂದ ಕೇಳಿಸುತ್ತಿತ್ತು.
ರೇಡಿಯೊ ಜೋರು ಮಾಡಿಕೊಳ್ಳುತ್ತಿದ್ದೆ.

ಜಾಕ್ ಏರಿಸಿದ. ಯಾವ ಸಾಲು, ಯಾವ ಡಬ್ಬಿ,
ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿ ತೆಗೆದ.
ಮಂಡಿಯೂರಿದಾಗ ಹೊಸ ಕೀಲು ‘ಟಕ್’ ಅಂತು,
ಇಬ್ಬರೂ ಕೇಳದವರ ಹಾಗೆ ಇದ್ದೆವು.

ಉಡುಗೊರೆ ತಗೊಳ್ಳೋ ಹಾಗಿಲ್ಲ, ಕಾನೂನು, ಅಂದೆ.
“ಉಡುಗೊರೆ ಯಾರು ಕೊಟ್ರು? ಹಳೇದು ಬಿಟ್ಟುಹೋಗು.”
ಸವೆದ ಉಕ್ಕು, ಇನ್ನೂ ಬಿಸಿ, ನಾನೇ ಡಬ್ಬಿಗೆ ಹಾಕಿದೆ.
ಚೀಟಿ ಕೊಟ್ಟು, ಪೆನ್ನು ಕೊಟ್ಟು,
“ನನ್ನ ಅಕ್ಷರ ನನಗೇ ಓದೋಕಾಗಲ್ಲ” ಅಂದ.

ಬರೆದೆ: ‘ಬೇರಿಂಗು. ಬಲ, ಮುಂದೆ. ಕೌಂಟಿಯದು. ಸವೆದಿದೆ.’

ಹೆಗಲ ಮೇಲಿಂದ ಬಗ್ಗಿ ನಿಧಾನಕ್ಕೆ ಓದಿ
“ಆದರೆ ಒಳ್ಳೇದು, ಅಂತ ಸೇರಿಸು” ಅಂದ.